ಗೃಹಭಂಗದ ಅಣ್ಣ-ತಮ್ಮ: ಚೆನ್ನಿಗರಾಯ, ಅಪ್ಪಣ್ಣಯ್ಯ ನಿಜಕ್ಕೂ ವಿರುದ್ಧ ಸ್ವಭಾವದವರಾ?

ಹೇಮಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ ಈ ತಿಂಗಳು ಭೈರಪ್ಪನವರ 'ಗೃಹಭಂಗ' ಎತ್ಕೊಂಡಿದೀವಿ. ಒಬ್ಬೊಬ್ಬರಿಗೆ ಒಂದೊಂದು ವಿಷಯ ಹಂಚಿದಾರೆ. ನನ್ನ ಪಾಲಿಗೆ ಬಂದಿದ್ದು "ಅಣ್ಣ-ತಮ್ಮಂದಿರ ಪಾತ್ರ ವೈದೃಶ್ಯ", ಅಂದ್ರೆ ಇಬ್ಬರ ಎದುರುಬದುರು ಸ್ವಭಾವ. ಹತ್ತು ನಿಮಿಷ ಮಾತಾಡಬೇಕು.

ಎಲ್ಲಿದೆ ಸ್ವಾಮಿ ವೈದೃಶ್ಯ? ಚೆನ್ನಿಗರಾಯನೂ ದುಡಿಯಲ್ಲ, ಅಪ್ಪಣ್ಣಯ್ಯನೂ ದುಡಿಯಲ್ಲ. ಇಬ್ಬರ ಬಾಯಲ್ಲೂ ಬೈಗುಳ. ಇಬ್ಬರಿಗೂ ಹೆಂಡತಿ ಅಂದ್ರೆ ಲೆಕ್ಕಕ್ಕಿಲ್ಲ. ಆಸ್ತಿ ಕೈಬಿಟ್ಟು ಹೋಗ್ತಿದ್ರೂ ಇಬ್ಬರಿಗೂ ಊಟದ ಹೊತ್ತೇ ಮುಖ್ಯ. ಒಂದೇ ಪಾತ್ರಕ್ಕೆ ಎರಡು ಹೆಸರು ಇಟ್ಟ ಹಾಗಿದೆ. ಕಥೆ ನಡೆಯೋದು ಸುಮಾರು 1920ರಿಂದ 1940-45ರವರೆಗೆ, ಅಂದ್ರೆ ಹೆಚ್ಚುಕಡಿಮೆ ಎರಡು ಮಹಾಯುದ್ಧಗಳ ನಡುವೆ. ಆ ಕಾಲಕ್ಕೂ ಈ ಇಬ್ಬರಿಗೂ ಏನಾದ್ರೂ ಸಂಬಂಧ ಇದೆಯಾ ಅಂತಲೂ ಗೊತ್ತಾಗ್ತಿಲ್ಲ. ಓದಿರೋರು ದಯವಿಟ್ಟು ಹೇಳಿ.

ಚಿಕ್ಕನಾಯ್ಕನಹಳ್ಳಿ ಚಂದ್ರು
ಇಬ್ಬರೂ ದಂಡಪಿಂಡಗಳು. ಹತ್ತು ನಿಮಿಷ ಯಾಕೆ, ಹತ್ತು ಸೆಕೆಂಡು ಸಾಕು.

ಓದುಮರ
ಚಂದ್ರು ಹೇಳಿದ್ದು ತೀರ್ಪು, ಓದು ಅಲ್ಲ. ಪುಸ್ತಕ ಕೈಗೆತ್ತಿಕೊಂಡು ಒಂದೇ ಒಂದು ವಿಷಯ ಗಮನಿಸಿ: ಮನೇಲಿ ಕಷ್ಟ ಬಂದಾಗ ಯಾರು ಏನು ಮಾಡ್ತಾರೆ. ಅಪ್ಪಣ್ಣಯ್ಯ ರೇಗ್ತಾನೆ, ಕೂಗಾಡ್ತಾನೆ, ತಾಯಿ ಗಂಗಮ್ಮ ಛೂ ಬಿಟ್ರೆ ಕೈ ಎತ್ತುತ್ತಾನೆ. ಕೆಟ್ಟದ್ದೋ ಒಳ್ಳೇದೋ, ಅವನಿಗೆ ಏನೋ ಒಂದು ಆಗುತ್ತೆ. ಚೆನ್ನಿಗರಾಯನಿಗೆ ಏನೂ ಆಗಲ್ಲ. ಮನೆ ಹೋದ್ರೂ ಅಷ್ಟೆ, ಮಕ್ಕಳು ಹಸಿದ್ರೂ ಅಷ್ಟೆ. ತಟ್ಟೆಗೆ ಬೀಳೋದರ ಮೇಲಷ್ಟೇ ಅವನ ಕಣ್ಣು.

ಒಬ್ಬ ಬಿಸಿ, ಇನ್ನೊಬ್ಬ ತಣ್ಣಗೆ. ಕನ್ನಡ ಕಾದಂಬರಿಗಳಲ್ಲಿ ಕ್ರೂರ ಗಂಡಂದಿರು ಬೇಕಾದಷ್ಟು ಸಿಗ್ತಾರೆ. ಕ್ರೂರಿಯಾಗೋಕೂ ಸೋಮಾರಿಯಾಗಿರೋ ಗಂಡ ಅಂದ್ರೆ ನನಗೆ ನೆನಪಾಗೋದು ಚೆನ್ನಿಗರಾಯ ಒಬ್ಬನೇ. ನನ್ನ ಮಟ್ಟಿಗೆ ಅವನೇ ಹೆಚ್ಚು ಭಯಂಕರ.

ಹೇಮಾವತಿ ದಂಡೆ
ಬಿಸಿ-ತಣ್ಣಗೆ ಚೆನ್ನಾಗಿದೆ. ಆದ್ರೆ ಅದು ಸ್ವಭಾವದ ವ್ಯತ್ಯಾಸ ಅಷ್ಟೇ ಅಲ್ವಾ? ವೈದೃಶ್ಯ ಅಂದ್ರೆ ಒಬ್ಬನಿಂದ ಇನ್ನೊಬ್ಬನ ಬಗ್ಗೆ ಏನೋ ಗೊತ್ತಾಗಬೇಕು ತಾನೆ?

ಕೆಲಗೇರಿ ಕಟ್ಟಿ
ನೋಡ್ರಿ, ನಮ್ಮ ಧಾರವಾಡ ಕಡೆ ಓದೋರಿಗೆ ಗಂಗಮ್ಮನ ಬೈಗುಳ ಅರ್ಥ ಆಗಾಕ ಒಂದಿಪ್ಪತ್ತು ಪುಟ ಬೇಕಾತು. ಆಮ್ಯಾಲೆ ಬಿಡ್ರಿ, ಕಿವ್ಯಾಗ ಕುಂತಬಿಟ್ಟಳು ಮುದುಕಿ.

ನನ್ನ ಪ್ರಕಾರ ನಿಮಗ ಕೊಟ್ಟ ವಿಷಯನ ತಪ್ಪು. ವೈದೃಶ್ಯ ಇರೋದು ಅಣ್ಣ-ತಮ್ಮನ ನಡುವ ಅಲ್ಲ. ಆ ಮೂರು ಮಂದಿ, ತಾಯಿ ಮತ್ತ ಇಬ್ಬರು ಮಕ್ಕಳು, ಒಂದ ಕಡೆ. ಚೆನ್ನಿಗರಾಯನ ಹೆಂಡತಿ ನಂಜಮ್ಮ ಇನ್ನೊಂದು ಕಡೆ. ಅಪ್ಪ ಕಂಠೀಜೋಯಿಸರ ಮನ್ಯಾಗ ಬೆಳೆದು, ಸಣ್ಣ ವಯಸ್ಸಿನ್ಯಾಗ ಈ ಮನೀಗೆ ಬಂದು ಬಿದ್ದಳಲ್ಲ, ಆಕಿ ಬರೋ ತನಕ ಈ ಮನಿ ಹೆಂಗದ ಅಂತ ಅಳೀಲಿಕ್ಕೆ ನಮಗ ಕೋಲ ಇರಲಿಲ್ಲ.

ನಿವೃತ್ತ ಮೇಷ್ಟ್ರು
ಕಟ್ಟಿಯವರ ಮಾತು ಅರ್ಧ ಸರಿ. ಉಳಿದ ಅರ್ಧಕ್ಕೆ ನನ್ನದೊಂದು ಆಕ್ಷೇಪಣೆ ಇದೆ.

ಈ ಕಾದಂಬರಿಯ ಮುಖ್ಯ ತಂತ್ರ ಲೇಖಕರ ಮೌನ. ಪಾತ್ರಗಳು ಏನು ಮಾಡಿದವು, ಏನು ಆಡಿದವು ಅನ್ನೋದನ್ನ ಕೊಡ್ತಾರೆ. "ಅಯ್ಯೋ ಪಾಪ" ಅನ್ನೋದನ್ನ ಓದುಗರಿಗೆ ಬಿಡ್ತಾರೆ. 1970ರಲ್ಲಿ ಬಂದ ಪುಸ್ತಕ. ಆಗ ನವ್ಯ ಸಾಹಿತಿಗಳ ಕಾಲ. ಪಾತ್ರದ ತಲೆಯೊಳಗೆ ಇಳಿದು, ಅಲ್ಲಿನ ಗೊಂದಲವನ್ನೆಲ್ಲ ಹರವೋದು ರೂಢಿಯಾಗಿತ್ತು. ಇಲ್ಲಿ ಆ ಥರದ್ದು ತೀರಾ ಕಮ್ಮಿ. ಚೆನ್ನಿಗರಾಯನ ತಲೆಯೊಳಗೆ ಇಳಿದ್ರೂ ಅಲ್ಲಿ ಸಿಗೋದು ಊಟವೇ, ಅದು ಬೇರೆ ಮಾತು.

ಲೇಖಕರು ಟೀಕೆ ಮಾಡೋದಿಲ್ಲ ಅಂತಾದ್ರೆ, ಓದುಗರಿಗೆ ತೂಗಿ ನೋಡೋಕೆ ಇನ್ನೇನಾದ್ರೂ ಬೇಕು. ಅದಕ್ಕೇ ಇಬ್ಬರು ಮಕ್ಕಳು. ಒಬ್ಬನೇ ಮಗ ಇದ್ದಿದ್ರೆ "ಇವನ ಹಣೆಬರಹ ಹೀಗೆ" ಅಂತ ದಾಟಿಬಿಡಬಹುದಿತ್ತು. ಇಬ್ಬರು ಬೇರೆ ಬೇರೆ ಸ್ವಭಾವದೋರು, ಒಂದೇ ತಾಯಿ, ಒಂದೇ ಜಗಲಿ; ಇಬ್ಬರೂ ಮನೆ ಮುರಿಯೋರೇ ಆದ್ರು ಅಂದಾಗ ದೃಷ್ಟಿ ಮಕ್ಕಳಿಂದ ಮನೆ ಕಡೆಗೆ ತಿರುಗುತ್ತೆ. ಶೀರ್ಷಿಕೆಯಲ್ಲಿ ಇರೋದೂ ಗೃಹವೇ. ಹೇಮಾವತಿಯವರೇ, ನೀವು "ಎರಡೂ ಒಂದೇ" ಅಂತ ಬೇಸರ ಪಟ್ಟುಕೊಂಡ್ರಲ್ಲ, ಅದನ್ನೇ ಹಿಡಿದು ಮಾತಾಡಿ. ಭಿನ್ನ ಸ್ವಭಾವ, ಫಲ ಒಂದೇ.

ತೇಜು_ಬಿಳಿಗೆರೆ
ಮೇಷ್ಟ್ರೇ, ಒಪ್ಪಲ್ಲ. ಫಲ ಒಂದೇ ಅಲ್ಲ. ಅಪ್ಪಣ್ಣಯ್ಯ ತಾಯಿ ಜೊತೆ ಊರೂರು ತಿರುಗಿ ಕಾಳು ಎತ್ತಿಕೊಂಡು ಬರ್ತಾನೆ. ಬೇಡೋದೇ ಇರಬಹುದು, ಆದ್ರೂ ಕಾಲು ಸವೆಸ್ತಾನೆ. ಚೆನ್ನಿಗರಾಯ ಶಾನುಭೋಗ ಅಂತ ಕೂತ, ಲೆಕ್ಕ ಬರೆದವಳು ನಂಜಮ್ಮ. ಬಿರುದು ಇದ್ದೋನು ಒಬ್ಬ, ಇಲ್ಲದೋನು ಒಬ್ಬ. ಹಿರಿಮಗನಿಗೆ ಹುದ್ದೆ, ಕಿರಿಮಗನಿಗೆ ಜೋಳಿಗೆ. ವೈದೃಶ್ಯ ಬೇಕಾ, ಇಲ್ಲಿದೆ ನೋಡಿ.

ಓದುಮರ
ಇದು ಒಳ್ಳೇ ಪಾಯಿಂಟ್. ನಾನು ಯೋಚನೆ ಮಾಡಿರಲಿಲ್ಲ.

ಖಿರ್ದಿ ಪುಸ್ತಕ
ನಮ್ಮದು ಶಾನುಭೋಗರ ಮನೆ, ಹಾಗಾಗಿ ಇಲ್ಲಿ ಬಾಯಿ ಹಾಕಲೇಬೇಕು.

ಈಗಿನೋರಿಗೆ ಶಾನುಭೋಗಿಕೆ ಅಂದ್ರೆ ಸಣ್ಣ ಗುಮಾಸ್ತೆ ಕೆಲಸ ಅನ್ನಿಸಬಹುದು. ಅಲ್ಲ. ಹಳೇ ಮೈಸೂರಲ್ಲಿ ಊರಿಗೆ ಪಟೇಲ ಒಬ್ಬ, ಶಾನುಭೋಗ ಒಬ್ಬ. ಯಾರ ಹೊಲ ಎಷ್ಟು, ಯಾರದ್ದು ಕಂದಾಯ ಬಾಕಿ, ಎಲ್ಲ ಅವನ ಕೈಬರಹದಲ್ಲಿ. ವಂಶಪಾರಂಪರ್ಯ ಹುದ್ದೆ, ಅಪ್ಪನಿಂದ ಹಿರಿಮಗನಿಗೆ. ಅಕ್ಷರ ನೆಟ್ಟಗಿದೆಯಾ ಅಂತ ಕೇಳೋಕೆ ಮುಂಚೆ ಯಾರ ಮಗ ಅಂತ ಕೇಳ್ತಿದ್ರು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದ ಮೇಲೇ ಅದು ಹೋಗಿದ್ದು.

ನಮ್ಮ ಅಟ್ಟದ ಮೇಲೆ ಮುತ್ತಾತನ ಖಿರ್ದಿ, ಅಂದ್ರೆ ಲೆಕ್ಕದ ಪುಸ್ತಕಗಳು ಇನ್ನೂ ಇವೆ. ಉದ್ದಕ್ಕೆ ಮಡಿಚಿದ ದಪ್ಪ ಕಾಗದ, ದುಂಡನೆಯ ರೂಲು ದೊಣ್ಣೆ ಉರುಳಿಸಿ ಎಳೆದ ಗೆರೆ, ಗೆರೆಯ ತುದಿಯಲ್ಲಿ ಮಸಿ ಒಂಚೂರು ದಪ್ಪ ಆಗಿರುತ್ತೆ, ಅಲ್ಲಿ ಲೇಖನಿ ನಿಂತಿದ್ದು ಕಾಣುತ್ತೆ. ಒಂದು ಪುಸ್ತಕದ ಅರ್ಧದಿಂದ ಕೈಬರಹ ಬದಲಾಗಿದೆ. ದುಂಡಗಿನ ಅಕ್ಷರ. ಯಾರದ್ದು ಅಂತ ಮನೇಲಿ ಯಾರೂ ಹೇಳಲ್ಲ. ರುಜು ಮಾತ್ರ ಕೊನೇವರೆಗೂ ಮುತ್ತಾತನದ್ದೇ.

ಗೃಹಭಂಗ ಓದಿದ ಮೇಲೆ ಆ ಪುಟಗಳನ್ನ ನಾನು ಮೊದಲಿನ ಹಾಗೆ ನೋಡೋಕಾಗಲಿಲ್ಲ. ನಂಜಮ್ಮ ಗೆರೆ ಎಳೆದು ಲೆಕ್ಕ ಬರೀತಾಳೆ, ಶಾನುಭೋಗ ಅನ್ನಿಸಿಕೊಳ್ಳೋನು ಗಂಡ. ಹೆಂಗಸಿಗೆ ಆ ಹುದ್ದೆ ಕೊಡೋ ಮಾತೇ ಇರಲಿಲ್ಲ.

ಹೇಮಾವತಿ ದಂಡೆ
ಅಬ್ಬಾ. ಆ ಪುಟದ ಫೋಟೋ ಹಾಕ್ತೀರಾ?

ಖಿರ್ದಿ ಪುಸ್ತಕ
ಬೇರೆಯವರ ಜಮೀನಿನ ಹೆಸರುಗಳೆಲ್ಲ ಅದರಲ್ಲಿವೆ. ಈಗಲೂ ಕೋರ್ಟಲ್ಲಿರೋ ಜಮೀನುಗಳೂ ಇವೆ. ಬೇಡ ಬಿಡಿ.

ಚಿಕ್ಕನಾಯ್ಕನಹಳ್ಳಿ ಚಂದ್ರು
ಗಂಗಮ್ಮನ ವಂಶಸ್ಥರು ಇನ್ನೂ ಕೋರ್ಟಲ್ಲೇ ಇದಾರೆ ಅಂತಾಯ್ತು 😄

ಪದ್ಮಾ ಎಸ್
ಚೆನ್ನಿಗರಾಯನ ಊಟದ ಬಗ್ಗೆ ಎಲ್ಲರೂ ಹೇಳಿದ್ರಿ. ನಂಜಮ್ಮ ಆ ಊಟ ಎಲ್ಲಿಂದ ತರ್ತಿದ್ಲು ಅಂತ ಯಾರೂ ಹೇಳಲಿಲ್ಲ. ಮುತ್ತುಗದ ಎಲೆ ಹಚ್ಚಿ ಮಾರ್ತಿದ್ಲು.

ನಮ್ಮ ದೊಡ್ಡಮ್ಮ ಹಚ್ಚೋದನ್ನ ನೋಡಿದೀನಿ. ಎಲೆ ತಂದು ಒಣಗಿಸಿ, ಹಚ್ಚೋ ಮುಂಚೆ ನೀರು ಚಿಮುಕಿಸಿ ಮೆತ್ತಗೆ ಮಾಡ್ಕೋಬೇಕು, ಇಲ್ದಿದ್ರೆ ಪಟ್ಟಂತ ಸೀಳುತ್ತೆ. ನಡುವೆ ಒಂದು ದೊಡ್ಡ ಎಲೆ, ಸುತ್ತ ಒಂದರ ಮೇಲೊಂದು ಏರಿಸ್ತಾ, ಸಣ್ಣ ಸಿಬರು ಚುಚ್ಚಿ ಮುರಿಯೋದು. ಚುಚ್ಚು, ಮುರಿ, ಚುಚ್ಚು, ಮುರಿ. ಬಾಯಿ ಊರಿನ ಸುದ್ದಿ ಹೇಳ್ತಿರುತ್ತೆ, ಕೈ ಎಲೆ ಕಡೆ ನೋಡೋದೂ ಇಲ್ಲ. ಆಮೇಲೆ ಕಟ್ಟು ಮಾಡಿ ಕಲ್ಲು ಹೇರಬೇಕು, ಚಪ್ಪಟೆ ಆಗೋಕೆ. ಬೆರಳ ತುದಿ ಒರಟಾಗಿ ನೂಲು ಸಿಕ್ಕಿಕೊಳ್ಳೋ ಹಾಗಿರ್ತಿತ್ತು.

ಊಟದ ಎಲೆ ಹಚ್ಚೋಳು ಒಬ್ಬಳು, ಆ ಮನೇಲಿ ಎಲೆ ಮುಂದೆ ಮೊದಲು ಕೂರೋನು ಇನ್ನೊಬ್ಬ. ಇದಕ್ಕಿಂತ ದೊಡ್ಡ ಪ್ರತಿಮೆ ಇನ್ನೇನು ಬೇಕು ನಿಮಗೆ?

ಕೆಲಗೇರಿ ಕಟ್ಟಿ
ಮುತ್ತಲ ಎಲಿ ಅಂತೀವಿ ನಾವು. ಬಿಸಿ ಅನ್ನ ಬಿದ್ದ ಕೂಡ್ಲೆ ಬರೋ ವಾಸನಿ ಐತಲ್ಲ, ಈಗಿನ ಪ್ಲಾಸ್ಟಿಕ್ ಹಾಳಿಗೆ ಎಲ್ಲಿಂದ ಬರಬೇಕ್ರಿ.

ಬನಶಂಕರಿ ಬಸವ
ಎಲೆ ಹಚ್ಚೋದು ಈಗ ಮಿಷನ್ನಲ್ಲಿ ಮಾಡ್ತಾರೆ. ನಮ್ಮ ಏರಿಯಾದಲ್ಲಿ ಸಿಗುತ್ತೆ, ಬೇಕಾದೋರು ಮೆಸೇಜ್ ಮಾಡಿ.

ನಿರ್ವಾಹಕ
ಬಸವ ಅವರೇ, ವ್ಯಾಪಾರ ಬೇಡ.

ಮಲೆಸೀಮೆ
ಅಣ್ಣ-ತಮ್ಮಂದಿರ ವೈದೃಶ್ಯ ಅಂದ್ರೆ ನನಗೆ ಮೊದಲು ಬರೋದು 'ಕಾನೂರು ಹೆಗ್ಗಡಿತಿ'. 1936ರದ್ದು, ಅದೂ ನೀವು ಹೇಳೋ ಯುದ್ಧಗಳ ನಡುವಿನದ್ದೇ. ಹೂವಯ್ಯ, ರಾಮಯ್ಯ. ಮೈಸೂರಲ್ಲಿ ಓದ್ತಿದ್ದ ಇಬ್ಬರೂ ಊರಿಗೆ ಬರೋವಾಗ ಗಾಡಿ ಮಗುಚಿಕೊಳ್ಳುತ್ತೆ, ಹೂವಯ್ಯನಿಗೆ ಪೆಟ್ಟಾಗುತ್ತೆ. ಅಲ್ಲಿಂದಲೇ ಇಬ್ಬರ ದಾರಿ ಕವಲೊಡೀತದೆ. ಒಬ್ಬ ಆದರ್ಶವಾದಿ, ಇನ್ನೊಬ್ಬ ಒಳ್ಳೆಯವನೇ ಆದರೂ ಗಟ್ಟಿಯಾಗಿ ನಿಲ್ಲದೋನು. ಸೀತೆ ಮನಸ್ಸು ಒಬ್ಬನ ಮೇಲೆ, ಮದುವೆ ಇನ್ನೊಬ್ಬನ ಜೊತೆ. ವೈದೃಶ್ಯ ಅಂದ್ರೆ ಅದು.

ತೇಜು_ಬಿಳಿಗೆರೆ
ಅವರು ಅಣ್ಣ-ತಮ್ಮ ಅಲ್ಲ. ರಾಮಯ್ಯ ಚಂದ್ರಯ್ಯಗೌಡರ ಮಗ, ಹೂವಯ್ಯ ಅವರ ಅಣ್ಣನ ಮಗ. ದಾಯಾದಿಗಳು.

ಮಲೆಸೀಮೆ
ಒಂದೇ ಮನೆ, ಒಂದೇ ಒಲೆ, ಒಟ್ಟಿಗೆ ಬೆಳೆದೋರು. ಮಲೆನಾಡಿನ ದೊಡ್ಡ ಮನೆಗಳಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ. ಆಸ್ತಿ ಪಾಲಾಗೋ ದಿನ ಮಾತ್ರ ದಾಯಾದಿ ಆಗ್ತಾನೆ. ಆ ಕಾದಂಬರಿಯ ಅರ್ಧ ಸಂಕಟ ಇರೋದೇ ಅದರಲ್ಲಿ.

ಓದುಮರ
ಹೋಲಿಕೆ ಉಪಯೋಗಕ್ಕೆ ಬರುತ್ತೆ. ಹೂವಯ್ಯನಿಗೆ ಓದು ಇದೆ, ವಿಚಾರ ಇದೆ. ಕಳ್ಳು ಬೇಡ, ಪ್ರಾಣಿಬಲಿ ಬೇಡ ಅಂತ ಹೇಳ್ತಾನೆ. ಹೊಸ ಕಾಲ ಅವನ ಮೂಲಕ ಊರಿಗೆ ಬರುತ್ತೆ. ಗೃಹಭಂಗದ ಊರು ರಾಮಸಂದ್ರಕ್ಕೆ ಹೊಸ ಕಾಲ ಬರೋದು ಯಾರ ಮೂಲಕ? ಚೆನ್ನಿಗರಾಯನ ಮೂಲಕ ಅಲ್ಲ, ಅಪ್ಪಣ್ಣಯ್ಯನ ಮೂಲಕವಂತೂ ಅಲ್ಲವೇ ಅಲ್ಲ. ಅಡಮಾನ, ವಕೀಲ, ಕೋರ್ಟು, ಇವುಗಳ ಮೂಲಕ ಬರುತ್ತೆ. ಬಂದ ತಕ್ಷಣ ಆಸ್ತಿ ನುಂಗುತ್ತೆ.

ಲಿಯೋನ್ ಕನ್ನಡಿಗ
ಫ್ರೆಂಚ್ ಕಲಿಯೋವಾಗ ನಮ್ಮ ಟೀಚರ್ ಓದಿಸಿದ 'ಲೆ ತಿಬೋ' ನೆನಪಾಯ್ತು. ರೋಜೇ ಮಾರ್ತಾ ದ್ಯು ಗಾರ್ ಅದನ್ನ ಬರೆದು ಪ್ರಕಟಿಸಿದ್ದು 1922ರಿಂದ 1940ರವರೆಗೆ, ಹೆಚ್ಚುಕಡಿಮೆ ಪೂರ್ತಿ ಎರಡು ಯುದ್ಧಗಳ ನಡುವೆ. 1937ರಲ್ಲಿ ನೊಬೆಲ್ ಬಂತು. ಅಲ್ಲೂ ಇಬ್ಬರು ಅಣ್ಣ-ತಮ್ಮ. ಅಣ್ಣ ಆಂತ್ವಾನ್ ವೈದ್ಯ, ಶಿಸ್ತಿನ ಮನುಷ್ಯ. ತಮ್ಮ ಜಾಕ್ ಬಂಡಾಯಗಾರ. 1914ರ ಆಗಸ್ಟ್‌ನಲ್ಲಿ ಯುದ್ಧ ಬೇಡ ಅನ್ನೋ ಕರಪತ್ರಗಳನ್ನ ವಿಮಾನದಿಂದ ಸುರಿಯೋಕೆ ಹೊರಟು, ವಿಮಾನ ಬಿದ್ದು ಸಾಯ್ತಾನೆ. ಅಣ್ಣ ಯುದ್ಧದಲ್ಲಿ ವಿಷಾನಿಲ ಕುಡಿದು, 1918ರಲ್ಲಿ ತಾನೇ ಚುಚ್ಚುಮದ್ದು ತಗೊಂಡು ಪ್ರಾಣ ಬಿಡ್ತಾನೆ. ಒಬ್ಬ ವ್ಯವಸ್ಥೆ ಒಪ್ಪಿದೋನು, ಇನ್ನೊಬ್ಬ ಧಿಕ್ಕರಿಸಿದೋನು, ಇಬ್ಬರನ್ನೂ ಯುದ್ಧ ತಿಂದು ಹಾಕಿತು.

ಮೇಷ್ಟ್ರು ಹೇಳಿದ "ಭಿನ್ನ ಸ್ವಭಾವ, ಫಲ ಒಂದೇ" ಅಲ್ಲಿಗೆ ಸರಿಯಾಗಿ ಕೂರುತ್ತೆ. ಆ ಮನೇಲಿ ಗಂಗಮ್ಮನ ಜಾಗದಲ್ಲಿ ಇರೋದು ಅಪ್ಪ ಓಸ್ಕಾರ್ ತಿಬೋ. ಬೈಗುಳ ಇಲ್ಲ, ಧರ್ಮದ ಮಾತು. ಉಸಿರುಗಟ್ಟೋದು ಅಷ್ಟೇ.

ಪದ್ಮಾ ಎಸ್
ಸ್ಪಾಯ್ಲರ್ ಅಂತ ಮೇಲೆ ಹಾಕಬಾರದಾ?

ಲಿಯೋನ್ ಕನ್ನಡಿಗ
ಮುಗಿದು ಎಂಬತ್ತು ವರ್ಷದ ಮೇಲಾಯ್ತಲ್ರೀ ಆ ಪುಸ್ತಕ!

ತೇಜು_ಬಿಳಿಗೆರೆ
ಆದ್ರೆ ಆ ಇಬ್ಬರಿಗೂ ಏನೋ ಒಂದು ನಂಬಿಕೆ ಇತ್ತು ಅಂತ ನೀವೇ ಹೇಳಿದ್ರಿ. ನಮ್ಮ ಇಬ್ಬರಿಗೆ ನಂಬಿಕೆ ಎಲ್ಲಿ? ಯುರೋಪಿನ ಅಣ್ಣ-ತಮ್ಮಂದಿರು ವಿಚಾರಕ್ಕೆ ಜಗಳ ಆಡ್ತಾರೆ, ನಮ್ಮೋರು ರಾಗಿ ಮುದ್ದೆಗೆ.

ನಿವೃತ್ತ ಮೇಷ್ಟ್ರು
ತೇಜು, ಅವರದ್ದು ಬ್ರಾಹ್ಮಣರ ಮನೆ ಅನ್ನೋದರಲ್ಲಿ ಒಂದು ವ್ಯಂಗ್ಯ ಇದೆ, ಅದನ್ನ ಬಿಡಬೇಡಿ. ವಿದ್ಯೆ, ಆಚಾರ, ಮಡಿ ಅಂತ ಊರಿಗೆಲ್ಲ ದೊಡ್ಡೋರು ಅನ್ನಿಸಿಕೊಂಡ ಮನೆಯಲ್ಲಿ ಇರೋದು ಬೈಗುಳ ಮತ್ತು ಹೊಟ್ಟೆ ಮಾತ್ರ. ಆ ಮನೆ ಮಗುವಿಗೆ ಕೊನೆಗೆ ಆಸರೆ ಆಗೋದು ಯಾರು? ಗುಡಿಯಲ್ಲಿರೋ ಭಿಕ್ಷೆಯ ಜಂಗಮ, ಮಾದೇವಯ್ಯ. ಲೇಖಕರು ಇದನ್ನ ಎಲ್ಲೂ ಬೆರಳಿಟ್ಟು ತೋರಿಸೋಲ್ಲ.

ಗುಡ್ಲು
ಕಾಲದ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಈ ಕಾದಂಬರಿಯಲ್ಲಿ ಮಹಾಯುದ್ಧ ಮುಂದೆ ಬಂದು ನಿಲ್ಲೋದಿಲ್ಲ. ಆ ಜಾಗದಲ್ಲಿ ಪ್ಲೇಗ್ ಇದೆ. ಇಲಿ ಬಿದ್ರೆ ಊರು ಖಾಲಿ. ಜನ ಊರಾಚೆ ಗುಡ್ಲು ಹಾಕ್ಕೊಂಡು ಇರ್ತಾರೆ, ಸಾವು ನಿಂತ ಮೇಲೆ ವಾಪಸ್. ಮತ್ತೆ ಇಲಿ ಬೀಳುತ್ತೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಗಾಳಿ-ಬೆಳಕು ಇರೋ ಬಡಾವಣೆ ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದು. ಹಳ್ಳಿಯೋರಿಗೆ ಯಾವ ಬಡಾವಣೆ? ಸೋಗೆ ಗುಡ್ಲೇ. ನಮ್ಮಜ್ಜಿ ಹೇಳ್ತಿದ್ರು, ಗುಡ್ಲಿಗೆ ಹೋಗೋವಾಗ ಒರಳುಕಲ್ಲು ಬಿಟ್ಟು ಎಲ್ಲ ಹೊತ್ಕೊಂಡು ಹೋಗ್ತಿದ್ರಂತೆ. ಕಂಕುಳಲ್ಲಿ ಗಡ್ಡೆ ಎದ್ದಿದೆಯಾ ಅಂತ ಮಕ್ಕಳ ಕೈ ಎತ್ತಿಸಿ ದಿನಾ ಬೆಳಿಗ್ಗೆ ಮುಟ್ಟಿ ನೋಡೋದು.

ಕಾದಂಬರಿಯ ಕಟ್ಟಡವೇ ಇದರ ಮೇಲಿದೆ. ಮನುಷ್ಯರು ಮುರಿಯೋದು ನಿಧಾನವಾಗಿ, ಪ್ಲೇಗ್ ಮುರಿಯೋದು ಒಂದೇ ಏಟಿಗೆ. ಅಣ್ಣ-ತಮ್ಮ ಇಬ್ಬರೂ ಸೇರಿ ವರ್ಷಗಟ್ಟಲೆ ಮುರಿಯೋಕಾಗದ ನಂಜಮ್ಮನನ್ನ ರೋಗ ಮುಗಿಸುತ್ತೆ. ಅದೂ ತನ್ನದು ಅಂತ ಒಂದು ಮನೆ ಕಟ್ಟಿಕೊಳ್ಳೋಕೆ ಹೊರಟವಳನ್ನ.

ಹೇಮಾವತಿ ದಂಡೆ
ಹಾಗಾದ್ರೆ ಪ್ಲೇಗ್ ಬರೀ ಕಾಕತಾಳೀಯ ಆಗಲ್ವಾ? ನಮ್ಮ ಬಳಗದಲ್ಲಿ ಒಬ್ಬರು ಅದನ್ನೇ ಎತ್ತಿದ್ರು: ಕಥೆಗಾರನಿಗೆ ಬೇಕಾದಾಗ ಜನರನ್ನ ಸಾಯಿಸೋಕೆ ಸುಲಭದ ಉಪಾಯ ಅಂತ.

ಗುಡ್ಲು
ಆ ಒಬ್ಬರ ಮನೇಲಿ ಪ್ಲೇಗಿಗೆ ಯಾರೂ ಹೋಗಿಲ್ಲ ಅನ್ಸುತ್ತೆ.

ಖಿರ್ದಿ ಪುಸ್ತಕ
ಭೈರಪ್ಪನವರ ಮನೇಲಿ ಹೋಗಿದ್ರು. ಅವರ ತಾಯಿ, ಅಣ್ಣ, ಅಕ್ಕ ಪ್ಲೇಗಿಗೆ ಬಲಿಯಾದ್ದನ್ನ ತಮ್ಮ ಆತ್ಮಕಥೆ 'ಭಿತ್ತಿ'ಯಲ್ಲಿ ಬರೆದಿದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದೋರು ಅವರು. ಕಾದಂಬರಿಯಲ್ಲಿ ನಂಜಮ್ಮನ ಮಕ್ಕಳು ಪಾರ್ವತಿ, ರಾಮಣ್ಣ ಇಬ್ಬರೂ ಹೋಗೋ ಭಾಗ ಓದಿ, ಆಮೇಲೆ ಭಿತ್ತಿ ಓದಿ. ಉಪಾಯ ಅನ್ನೋ ಮಾತು ಬಾಯಿಗೆ ಬರಲ್ಲ.

ತೇಜು_ಬಿಳಿಗೆರೆ
ನಿಜ ಜೀವನದಲ್ಲಿ ನಡೀತು ಅನ್ನೋದು ಕಾದಂಬರಿಗೆ ಸಮರ್ಥನೆ ಆಗಲ್ಲ. ಕಾಕತಾಳೀಯ ನಿಜ ಜೀವನದಲ್ಲೂ ಕಾಕತಾಳೀಯವೇ. ಅದು ಇಲ್ಲಿ ಕೆಲಸ ಮಾಡೋದು ಯಾಕೆಂದ್ರೆ ಪ್ಲೇಗ್ ಮೊದಲಿಂದಲೂ ಬಂದು ಹೋಗ್ತಾ ಇರುತ್ತೆ. ಕೊನೆಗೆ ತಂದು ತುರುಕಿದ್ದಲ್ಲ.

ಸತ್ಯವಾಕ್
ಭೈರಪ್ಪನವರ ರಾಜಕೀಯ ನಿಲುವು ಗೊತ್ತಿದ್ದೂ ಅವರ ಪುಸ್ತಕಕ್ಕೆ ಇಷ್ಟು ಹೊತ್ತು ಕೊಡ್ತಿದ್ದೀರಲ್ಲ, ಆಶ್ಚರ್ಯ.

ಬನಶಂಕರಿ ಬಸವ
ಶುರುವಾಯ್ತು.

ನಿರ್ವಾಹಕ
2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಇದೇ ವಾದ ದೊಡ್ಡದಾಗಿ ಆಗಿದೆ. ಆ ಎಳೆ ಇನ್ನೂ ತೆರೆದಿದೆ, ಅಲ್ಲಿಗೆ ಹೋಗಿ. ಇಲ್ಲಿ ರಾಮಸಂದ್ರದ ವಿಷಯ ಮಾತ್ರ.

ಕೆಲಗೇರಿ ಕಟ್ಟಿ
ಕಾಸರವಳ್ಳಿಯವರ ಧಾರಾವಾಹಿ ಯಾರಾದ್ರೂ ನೋಡೀರೇನು? ಮಾಳವಿಕಾ ನಂಜಮ್ಮ ಆಗಿದ್ರು. ಅದರಾಗ ನನಗ ಅಪ್ಪಣ್ಣಯ್ಯನ ಮ್ಯಾಲ ಕನಿಕರ ಬಂತು, ಪುಸ್ತಕದಾಗ ಬಂದಿರಲಿಲ್ಲ. ಮುಖ ಕಂಡ ಕೂಡ್ಲೆ ಮನುಷ್ಯಾ ಆಗಿಬಿಡ್ತಾನ.

ಪದ್ಮಾ ಎಸ್
ಅದಕ್ಕೇ ನಾನು ಧಾರಾವಾಹಿ ಅರ್ಧಕ್ಕೇ ಬಿಟ್ಟೆ. ನನಗೆ ಕನಿಕರ ಬೇಕಾಗಿರಲಿಲ್ಲ. ಹೆಂಡತಿ ಸಾತು ಮೇಲೆ ಕೈ ಮಾಡಿದೋನು ಅವನು.

ಓದುಮರ
ಪುಸ್ತಕದಲ್ಲೂ ಅಪ್ಪಣ್ಣಯ್ಯನಿಗೆ ಒಂಚೂರು ಬಾಗಿಲು ತೆರೆದೇ ಇದೆ ಅಂತ ನನ್ನ ಓದು. ರೇಗೋನಿಗೆ ರೇಗು ಇಳೀತದೆ, ಇಳಿದಾಗ ಒಂದು ಖಾಲಿ ಜಾಗ ಉಳಿಯುತ್ತೆ. ತಾಯಿ ಪಕ್ಕದಲ್ಲಿ ಇಲ್ಲದಿದ್ದಿದ್ರೆ ಇವನು ಏನಾಗ್ತಿದ್ದ ಅಂತ ಕೇಳಬಹುದು. ಚೆನ್ನಿಗರಾಯನ ಬಗ್ಗೆ ಆ ಪ್ರಶ್ನೆಯೇ ಏಳಲ್ಲ. ಹೇಮಾವತಿಯವರು "ಒಬ್ಬನಿಂದ ಇನ್ನೊಬ್ಬನ ಬಗ್ಗೆ ಏನು ಗೊತ್ತಾಗುತ್ತೆ" ಅಂದ್ರಲ್ಲ, ಇದೇ ಗೊತ್ತಾಗೋದು. ತಮ್ಮ ಇರೋದರಿಂದಲೇ ಅಣ್ಣನ ತಣ್ಣಗಿನತನ ಕಣ್ಣಿಗೆ ಹೊಡೆಯೋದು.

ಖಿರ್ದಿ ಪುಸ್ತಕ
ಎಲ್ಲರೂ ಒಂದು ಜೋಡಿ ಅಣ್ಣ-ತಮ್ಮನ್ನೇ ಹಿಡ್ಕೊಂಡಿದೀರಿ. ಇನ್ನೊಂದು ಜೋಡಿ ಇದೆ, ನಂಜಮ್ಮನ ಮಕ್ಕಳು, ರಾಮಣ್ಣ ಮತ್ತು ವಿಶ್ವ. ಅದೇ ಅಪ್ಪ, ಅದೇ ಅಜ್ಜಿ, ಅದೇ ಊರು, ಆದ್ರೂ ಹಂಗಾಗಲಿಲ್ಲ. ಯಾಕೆ? ಸಾಕಿದೋಳು ಬೇರೆ. ಮೇಷ್ಟ್ರು ಎಲ್ಲದಕ್ಕೂ ಮನೆ ಕಾರಣ ಅಂದ್ರು. ಈ ಜೋಡಿ ನೋಡಿದ್ರೆ ಕಾರಣ ಮನೆ ಅಲ್ಲ, ತಾಯಿ ಅಂತಾಗುತ್ತೆ.

ಪದ್ಮಾ ಎಸ್
ಸುತ್ತಿ ಬಳಸಿ ಎಲ್ಲ ತಪ್ಪನ್ನೂ ಹೆಂಗಸಿನ ತಲೆಗೇ ಕಟ್ಟಿದ್ರಲ್ಲ! ಗಂಗಮ್ಮ ಹೆಂಗೆ ಹಂಗಾದ್ಲು ಅಂತ ಯಾರಾದ್ರೂ ಕೇಳಿದ್ರಾ? ಗಂಡ ಸತ್ತೋಳು. ಇಬ್ಬರು ಗಂಡುಮಕ್ಕಳು, ಜಮೀನು, ಸುತ್ತ ಅದರ ಮೇಲೆ ಕಣ್ಣಿಟ್ಟ ಊರು. ಆ ಕಾಲದಲ್ಲಿ ಅಂಥೋಳು ಬಾಯಿ ಜೋರು ಮಾಡದೇ ಬದುಕೋದು ಹೇಗೆ? ಮೆತ್ತಗಿದ್ದಿದ್ರೆ ಎರಡೇ ವರ್ಷಕ್ಕೆ ಜಮೀನು ಬರೆಸಿಕೊಳ್ತಿದ್ರು.

ತೇಜು_ಬಿಳಿಗೆರೆ
ಬಾಯಿ ಜೋರು ಮಾಡಿಯೂ ಬರೆಸಿಕೊಂಡ್ರಲ್ಲ.

ಪದ್ಮಾ ಎಸ್
ಅದಕ್ಕೆ ಬಾಯಿ ಕಾರಣ ಅಲ್ಲ, ಕೋರ್ಟಿನ ಹುಚ್ಚು ಕಾರಣ. ಎರಡೂ ಬೇರೆ ಬೇರೆ.

ನಿವೃತ್ತ ಮೇಷ್ಟ್ರು
ಪದ್ಮಾ ಅವರ ಮಾತಿನಲ್ಲಿ ಹುರುಳಿದೆ, ಆದರೆ ಕಾದಂಬರಿ ಗಂಗಮ್ಮನಿಗೆ ಅಂಥ ರಿಯಾಯಿತಿ ಎಲ್ಲೂ ಕೊಡೋದಿಲ್ಲ. ಅವಳ ಹಿಂದಿನ ಬದುಕು ನಮಗೆ ತೀರಾ ಸ್ವಲ್ಪ ಸಿಗೋದು. ಅದು ಕಾದಂಬರಿಯ ಕೊರತೆ ಅಂತ ನೀವು ವಾದ ಮಾಡಬಹುದು, ನಾನು ಕೇಳೋಕೆ ಸಿದ್ಧ.

ಪದ್ಮಾ ಎಸ್
ಕೊರತೆಯೇ. ನಾಳೆ ಹೊಸ ಎಳೆ ಹಾಕ್ತೀನಿ, ಬನ್ನಿ ಜಗಳಕ್ಕೆ.

ಚಿಕ್ಕನಾಯ್ಕನಹಳ್ಳಿ ಚಂದ್ರು
ಗಂಗಮ್ಮನ ಪರ ವಕಾಲತ್ತಾ? ಫೀಸು ಮೊದಲೇ ಇಸ್ಕೊಳ್ಳಿ ಮೇಡಂ, ಆಮೇಲೆ ಅಡ ಇಡೋಕೆ ಅವಳ ಹತ್ರ ಏನೂ ಉಳಿದಿರಲ್ಲ.